ದರ್ಜಿ ಹಾರಿಸಿದ ರಾಕೆಟ್

"ಗುರುಗಳೇ, ಹೊಸದೊಂದನ್ನು ಶುರು ಮಾಡುವವನು ಮೊದಲು ಯಾರಿಗೆ ನಮಸ್ಕರಿಸಬೇಕು?"

ಹೀಗೆ ಕೇಳಿದವನು ರೇವಣಯ್ಯ ಎಂಬ ಶಿಷ್ಯ. ಮರುದಿನದಿಂದ ಅವನು ಪಕ್ಕದ ಊರಿನ ಶಾಲೆಯಲ್ಲಿ ಪಾಠ ಹೇಳಲು ಹೋಗುವವನಿದ್ದ. ಅದು ಅವನ ಮೊದಲ ಕೆಲಸ. ನಿಜ ಹೇಳಬೇಕೆಂದರೆ ಉತ್ತರ ಅವನ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಅದನ್ನು ಗುರುಗಳ ಬಾಯಿಂದ ಕೇಳಬೇಕೆಂಬುದಷ್ಟೇ ಅವನ ಆಸೆ.

ಗುರುಗಳು ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವನ ಕಸುಬು. ಮೂವತ್ತು ವರ್ಷ ಅವನು ತಲೆ ಬಗ್ಗಿಸಿಯೇ ಬದುಕಿದ. ಬಗ್ಗಿಸದೆ ಹೊಲಿಯಲು ಬರುವುದಿಲ್ಲ, ಆದ್ದರಿಂದ ಇದು ಅವನ ತಪ್ಪಲ್ಲ. ಆದರೆ ಐವತ್ತು ದಾಟಿದ ಮೇಲೆ ಅವನಿಗೆ ತಲೆಯೆತ್ತಿ ನೋಡುವಂಥದ್ದೇನಾದರೂ ಮಾಡಬೇಕು ಅನ್ನಿಸಿತು.

ಅದೇ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನೂ ಅವನ ಐದಾರು ಗೆಳೆಯರೂ ಭಾನುವಾರಗಳಂದು ಊರಾಚೆಯ ಹೊಲದಲ್ಲಿ ಪುಟ್ಟ ರಾಕೆಟ್‌ಗಳನ್ನು ಹಾರಿಸುತ್ತಿದ್ದರು. ಇವು ದೀಪಾವಳಿಯ ರಾಕೆಟ್‌ಗಳಲ್ಲ. ದೀಪಾವಳಿಯದು ಒಮ್ಮೆ ಹೋದರೆ ಹೋಯಿತು, ಅದರ ಕಡ್ಡಿ ಎಲ್ಲಿ ಬಿತ್ತೆಂದು ಯಾರೂ ಹುಡುಕುವುದಿಲ್ಲ. ಇದು ಹಾಗಲ್ಲ. ಇದರ ಮೈ ರಟ್ಟಿನ ಕೊಳವೆ. ಕೆಳಗೆ ಮೂರು ರೆಕ್ಕೆ, ಮೇಲೆ ಒಂದು ಮೂತಿ, ಹೊಟ್ಟೆಯೊಳಗೆ ಮಡಿಸಿಟ್ಟ ಪ್ಯಾರಾಚೂಟ್. ಬಾಲದಲ್ಲಿರುವ ಮದ್ದು ಎರಡು ಉಸಿರಿನಷ್ಟು ಹೊತ್ತು ಉರಿದು ಮುಗಿಯುತ್ತದೆ. ಮುಗಿದ ಮೇಲೂ ರಾಕೆಟ್ ತನ್ನ ವೇಗದಲ್ಲೇ ಒಂದಿಷ್ಟು ಏರುತ್ತದೆ. ಏರಿ ನಿಲ್ಲುವ ಹೊತ್ತಿಗೆ ಒಳಗಿನ ಇನ್ನೊಂದು ಚಿಟಿಕೆ ಮದ್ದು ಮೂತಿಯನ್ನು ಹೊರಕ್ಕೆ ತಳ್ಳುತ್ತದೆ. ಪ್ಯಾರಾಚೂಟ್ ಅರಳುತ್ತದೆ, ರಾಕೆಟ್ ಮೆಲ್ಲಗೆ ಇಳಿಯುತ್ತದೆ. ಅದನ್ನು ಎತ್ತಿಕೊಂಡು ಬಂದು ಮತ್ತೆ ಹಾರಿಸಬಹುದು. ಅಂದರೆ ಮರಳಿ ಬರುವುದೇ ಇದರಲ್ಲಿ ಅರ್ಧ ವಿದ್ಯೆ.

ದರ್ಜಿ ಗಡಿಯಾರದವನ ಬಳಿ ಹೋಗಿ ತನಗೂ ಕಲಿಸಬೇಕೆಂದು ಕೇಳಿದ. ಗಡಿಯಾರದವನು ಒಪ್ಪಿದ. ಏನೇನು ಮಾಡಬೇಕೆಂದು ಬಿಡಿಸಿ ಹೇಳಿದ. ಮೊದಲ ಸಲ ಅತಿ ಚಿಕ್ಕ ಮೋಟಾರನ್ನೇ, ಅಂದರೆ ಮದ್ದು ತುಂಬಿದ ಕೊಳವೆಯನ್ನೇ, ಹಾಕಬೇಕು. ಮದ್ದಿಗೂ ಬಟ್ಟೆಗೂ ನಡುವೆ ಬೆಂಕಿ ಹತ್ತದ ಕಾಗದವನ್ನು ಉಂಡೆ ಮಾಡಿ ತುರುಕಬೇಕು, ಇಲ್ಲವಾದರೆ ಬಟ್ಟೆ ಸುಡುತ್ತದೆ. ಕಡ್ಡಿ ಗೀರಿ ಹೊತ್ತಿಸುವಂತಿಲ್ಲ. ದೂರ ನಿಂತು, ತಂತಿಯ ತುದಿಯ ಗುಂಡಿ ಒತ್ತಬೇಕು. ಒತ್ತಿದರೂ ಹೊತ್ತದಿದ್ದರೆ ಓಡಿ ಹೋಗಿ ಬಗ್ಗಿ ನೋಡಬಾರದು, ಒಂದು ನಿಮಿಷ ಸುಮ್ಮನಿರಬೇಕು. ಪ್ಯಾರಾಚೂಟ್ ಎರಡು ಗೇಣು ಅಗಲವಿದ್ದರೆ ಸಾಕು.

ಕೊನೆಯದಾಗಿ ಅವನು ಹೊಲದ ಮಾತು ಹೇಳಿದ. ಆ ಹೊಲ ಒಬ್ಬ ವ್ಯಾಪಾರಿಯದು. ವ್ಯಾಪಾರಿ ಒಂದೇ ಒಂದು ಷರತ್ತಿನ ಮೇಲೆ ಅದನ್ನು ಬಿಟ್ಟುಕೊಟ್ಟಿದ್ದ. ಹೊಲದಾಚೆಯ ಮನೆಗಳಿಂದ ಒಂದು ದೂರು ಬಂದರೂ ಆಟ ಅಂದೇ ನಿಲ್ಲಬೇಕು. ಸುತ್ತಮುತ್ತ ಅಂಥ ಬಯಲು ಇನ್ನೊಂದಿರಲಿಲ್ಲ. ಗಡಿಯಾರದವನಿಗೂ ಅವನ ಗೆಳೆಯರಿಗೂ ವಾರವಿಡೀ ಕಾಯುವ ಸಂತೋಷ ಅದೊಂದೇ. ಈಗ ದರ್ಜಿಗೂ ಅದೊಂದೇ.

ದರ್ಜಿ ಹೇಳಿದ್ದನ್ನೆಲ್ಲ ಹೇಳಿದಂತೆಯೇ ಮಾಡಿದ, ಒಂದನ್ನು ಬಿಟ್ಟು. ಪ್ಯಾರಾಚೂಟಿಗೆ ಬಟ್ಟೆ ಕತ್ತರಿಸುವಾಗ ಅವನ ಕೈ ಎರಡು ಗೇಣಿಗೆ ನಿಲ್ಲಲಿಲ್ಲ, ಮೂರಕ್ಕೆ ಹೋಯಿತು. ಇದಕ್ಕೆ ಕಾರಣವಿದೆ. ಮಕ್ಕಳಿಗೆ ಹೊಲಿಯುವವನು ಯಾವತ್ತೂ ಸರಿಯಾದ ಅಳತೆಗೆ ಹೊಲಿಯುವುದಿಲ್ಲ. ಬೆಳೆಯುವ ಮೈ, ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದಿಷ್ಟು ಹೆಚ್ಚು ಬಿಡುತ್ತಾನೆ. ಮೂವತ್ತು ವರ್ಷ ಹೆಚ್ಚು ಬಿಟ್ಟ ಕೈ ಅಂದೂ ಬಿಟ್ಟಿತು. ರಾಕೆಟ್ ಬೆಳೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನ ಕೈಗೆ ಗೊತ್ತಿರಲಿಲ್ಲ.

ಭಾನುವಾರ ಬಂತು. ರಾಕೆಟ್ ನಿಲ್ಲಿಸುವ ಕಂಬಿಯ ಸುತ್ತ ನೆಲಕ್ಕೆ ನೀರು ಚಿಮುಕಿಸಿದರು. ಎಲ್ಲರೂ ಹಿಂದೆ ಸರಿದು ಐದರಿಂದ ಒಂದಕ್ಕೆ ಎಣಿಸಿದರು. ದರ್ಜಿ ಗುಂಡಿ ಒತ್ತಿದ. ರಾಕೆಟ್ ಸುಯ್ಯೆಂದು ಹೋಯಿತು. ದರ್ಜಿ ತಲೆಯೆತ್ತಿ ನೋಡಿದ. ಕತ್ತು ನೋಯುವಷ್ಟು ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಬಂದದ್ದಲ್ಲ.

ಪ್ಯಾರಾಚೂಟ್ ಅರಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ರಾಕೆಟ್ ಇಳಿಯಲಿಲ್ಲ. ಅಷ್ಟು ಹಗುರವಾದ ಮೈಗೆ ಆ ಬಟ್ಟೆ ಅತಿಯಾಗಿತ್ತು. ಗಾಳಿ ಅದನ್ನು ಹೊಲ ದಾಟಿಸಿತು. ರಸ್ತೆ ದಾಟಿಸಿತು. ಹುಣಸೆಮರಗಳ ಆಚೆ, ಮನೆಗಳಿರುವ ಕಡೆ ಅದು ಕಣ್ಮರೆಯಾಯಿತು. ಚಪ್ಪಾಳೆ ನಿಂತಿತು.

ಗೆಳೆಯರಲ್ಲೊಬ್ಬ ಮೆಲ್ಲಗೆ ಕೇಳಿದ: "ಅದರ ಮೇಲೆ ನಿಮ್ಮ ಹೆಸರು ಬರೆದಿದೀರಾ?"

"ಇಲ್ಲ."

"ಸದ್ಯ. ಹಾಗಾದ್ರೆ ಅದು ಯಾರದೂ ಅಲ್ಲ. ಆ ಕಡೆ ತಲೆ ಹಾಕ್ಬೇಡಿ, ಸುಮ್ನೆ ಮನೆಗೆ ಹೋಗಿ."

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಭಯವಿತ್ತು. ದರ್ಜಿ ಹೋಗಿ ತನ್ನದೆಂದು ಒಪ್ಪಿಕೊಂಡರೆ ದೂರು ಕೊಡುವವರಿಗೆ ಒಂದು ಮುಖ ಸಿಕ್ಕಂತಾಗುತ್ತದೆ. ಹೋಗದಿದ್ದರೆ ಹೊಲ ಉಳಿದರೂ ಉಳಿಯಬಹುದು. ದರ್ಜಿಗೂ ಇದು ಅರ್ಥವಾಯಿತು. ಆದರೆ ತೋಳು ಬಿಗಿಯಾಯಿತು, ಗುಂಡಿ ಕಿತ್ತುಹೋಯಿತು ಎಂದು ಬಟ್ಟೆ ಹಿಡಿದು ಬಂದವರಿಗೆ ಅವನು ಒಂದು ದಿನವೂ ಇದು ನನ್ನ ಹೊಲಿಗೆಯಲ್ಲ ಎಂದವನಲ್ಲ. ಅಂದೂ ಅನ್ನಲಾಗಲಿಲ್ಲ. ಅವನು ಗಡಿಯಾರದವನ ಮುಖ ನೋಡಿದ. ಗಡಿಯಾರದವನು ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದರ್ಜಿ ರಸ್ತೆ ದಾಟಿದ.

ಹುಣಸೆಮರಗಳ ಆಚೆ ಒಂದು ಮನೆ. ಅಂಗಳದಲ್ಲಿ ಚಾಪೆಗಳ ಮೇಲೆ ಸಾಲು ಸಾಲಾಗಿ ಹಪ್ಪಳ ಹರವಿತ್ತು. ಒಬ್ಬ ಹೆಂಗಸು ಕೈಯಲ್ಲಿ ಕೋಲು ಹಿಡಿದು ಕುಳಿತಿದ್ದಳು. ಅವಳ ಪಕ್ಕದಲ್ಲಿ ರಾಕೆಟ್ ಇತ್ತು. ಅದರ ದಾರಗಳು ಹಪ್ಪಳದ ಮೇಲೆ ಎಳೆದಾಡಿ ನಾಲ್ಕು ಸಾಲು ಹಾಳಾಗಿದ್ದವು. ಕೆಲವು ಹರಿದಿದ್ದವು, ಕೆಲವಕ್ಕೆ ಮಸಿ ಮೆತ್ತಿತ್ತು.

"ಇದು ನಿಮ್ದಾ?" ಎಂದಳು ಹೆಂಗಸು.

"ನಂದೇ ತಾಯಿ. ತಪ್ಪಾಯ್ತು."

"ಬೆಳಿಗ್ಗೆಯಿಂದ ಕಾಗೆ ಕಾಯ್ತಾ ಕೂತಿದೀನಿ. ಕಾಗೆ ಆಗಿದ್ರೆ ಒಂದೋ ಎರಡೋ ಕಚ್ಕೊಂಡು ಹೋಗ್ತಿತ್ತು. ನಿಮ್ಮ ಹಕ್ಕಿ ನಾಲ್ಕು ಸಾಲು ಉತ್ತುಬಿಡ್ತು ನೋಡಿ!"

ದರ್ಜಿ ಚಾಪೆಯ ಪಕ್ಕ ಕುಳಿತ. ಮಸಿಯಾದವನ್ನು ಆರಿಸಿ ಬೇರೆ ಇಟ್ಟ. ಹರಿದವು ಇನ್ನೂ ಹಸಿಯಾಗಿದ್ದವು. ಹಸಿ ಇರುವಾಗ ಮತ್ತೆ ನಾದಿ ಲಟ್ಟಿಸಬಹುದು. ಅವನು ಹಿಟ್ಟು ನಾದಿ, ಮಣೆ ಕೇಳಿ ತೆಗೆದುಕೊಂಡು, ಲಟ್ಟಿಸಲು ಕುಳಿತ. ಹೆಂಗಸು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಇದೇನ್ ಸ್ವಾಮಿ, ಮೊರದಗಲ ಆಯ್ತಲ್ಲ! ನೀವು ಏನು ಕೆಲಸ ಮಾಡೋರು?"

"ಸ್ಕೂಲ್ ಮಕ್ಕಳ ಬಟ್ಟೆ ಹೊಲೀತೀನಿ."

"ಅದಕ್ಕೇ. ಹಪ್ಪಳ ಬೆಳೆಯಲ್ಲ ಸ್ವಾಮಿ. ಅದೂ ಬೆಳೆಯಲ್ಲ," ಎಂದು ಅವಳು ಕೋಲಿನಿಂದ ರಾಕೆಟ್ ತೋರಿಸಿದಳು. "ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಬಟ್ಟೆ ಕಟ್ಟಿದ್ರೆ ಗಾಳಿ ಬಿಡುತ್ತಾ?"

ದರ್ಜಿಯ ಕೈ ನಿಂತಿತು. ತನ್ನ ಕೈಯ ತಪ್ಪು ಅವನಿಗೆ ಕಂಡದ್ದು ಆಗಲೇ. ಗಡಿಯಾರದವನು ಎರಡು ಗೇಣು ಎಂದು ಬಾಯಲ್ಲಿ ಹೇಳಿದ್ದು ಕಿವಿಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

"ಕತ್ತರಿಸಿ ಸಣ್ಣದು ಮಾಡ್ತೀನಿ," ಎಂದ.

"ಯಾಕೆ ಕತ್ತರಿಸ್ತೀರಿ, ಒಳ್ಳೆ ಬಟ್ಟೆ. ಅಲ್ಲಿ ನೋಡಿ."

ಅಂಗಳದ ಮೂಲೆಯಲ್ಲಿ ಸಂಡಿಗೆಯ ಮೇಲೆ ದೂಳು ಬೀಳದಂತೆ ಹಳೆಯ ಸೀರೆಯೊಂದನ್ನು ನಾಲ್ಕು ಗೂಟಗಳಿಗೆ ಕಟ್ಟಿತ್ತು. ಸೀರೆಯ ನಡುವೆ ಬಳೆಯಗಲದ ತೂತುಗಳಿದ್ದವು.

"ಮೊದಲನೇ ದಿನ ಗಾಳಿ ಗೂಟ ಸಮೇತ ಕಿತ್ಕೊಂಡು ಹೋಯ್ತು. ತೂತು ಮಾಡಿದ ಮೇಲೆ ಅದರ ಪಾಡಿಗೆ ಅದು ನುಸುಳ್ಕೊಂಡು ಹೋಗುತ್ತೆ. ಗಾಳಿಗೂ ಒಂದು ದಾರಿ ಬೇಕಲ್ವಾ?"

ಮಧ್ಯಾಹ್ನದವರೆಗೆ ದರ್ಜಿ ಹಪ್ಪಳ ಲಟ್ಟಿಸಿದ. ಕೊನೆಯ ಹತ್ತು ಅಳತೆಗೆ ಸರಿಯಾಗಿ ಬಂದವು. ಏಳುವಾಗ ಅವನು, ಬಂದಾಗಿನಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿದ.

"ತಾಯಿ, ಹೊಲದ ಯಜಮಾನರಿಗೆ ಹೇಳ್ತೀರಾ?"

ಹೆಂಗಸು ಕೋಲನ್ನು ಪಕ್ಕಕ್ಕಿಟ್ಟಳು.

"ಪ್ರತಿ ಭಾನುವಾರ ನಿಮ್ಮವು ಮೇಲೆ ಹೋಗೋದು ಇಲ್ಲಿಂದ ಕಾಣುತ್ತೆ. ಇಳಿಯೋ ಹೊತ್ತಿಗೆ ಮರ ಅಡ್ಡ ಬಂದುಬಿಡುತ್ತೆ. ಹೋಗಿದ್ದು ಏನಾಯ್ತೋ ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ. ಇವತ್ತು ಪೂರ್ತಿ ನೋಡಿದೆ. ಅದೇನು ಚೆಂದ ಇಳೀತು ಗೊತ್ತಾ! ಇದನ್ನ ಯಾರ ಹತ್ರ ದೂರಲಿ?"

ಹೀಗೆಂದು ಅವಳು ರಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಅದರ ದಾರಗಳ ಸಿಕ್ಕನ್ನು ಆಗಲೇ ಬಿಡಿಸಿಟ್ಟಿದ್ದಳು. ಅವನು ಬರುವ ಮೊದಲೇ, ಯಾರದೆಂದು ಗೊತ್ತಾಗುವ ಮೊದಲೇ ಬಿಡಿಸಿಟ್ಟಿದ್ದಳು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ದರ್ಜಿ ಅದನ್ನು ಗಮನಿಸಿದ್ದು ಮನೆಗೆ ಹೋದ ಮೇಲೆ.

ಮುಂದಿನ ಭಾನುವಾರ ದರ್ಜಿ ಪ್ಯಾರಾಚೂಟಿನ ನಡುವೆ ತೂತು ಮಾಡಿ, ಅಂಚು ಮಡಿಚಿ ಹೊಲಿದು ತಂದ. ರಾಕೆಟ್ ಅಷ್ಟೇ ಎತ್ತರ ಹೋಯಿತು. ಬಟ್ಟೆ ಅರಳಿತು. ಗಾಳಿ ತೂತಿನಲ್ಲಿ ನುಸುಳಿತು. ರಾಕೆಟ್ ತೂಗಾಡದೆ ನೇರ ಇಳಿದು, ನಿಂತಲ್ಲಿಂದ ನಲವತ್ತು ಹೆಜ್ಜೆಯಲ್ಲಿ ಹೊಲದೊಳಗೇ ಬಿತ್ತು. ಗೆಳೆಯರು ಕೂಗಾಡಿದರು. ಗಡಿಯಾರದವನು ಅವನ ಬೆನ್ನು ತಟ್ಟಿದ. ದರ್ಜಿ ಮಾತ್ರ ರಾಕೆಟ್ ಎತ್ತಿಕೊಳ್ಳಲು ಓಡಲಿಲ್ಲ. ರಸ್ತೆಯ ಕಡೆ ತಿರುಗಿ, ಹುಣಸೆಮರಗಳಿಗೆ ಮುಖ ಮಾಡಿ ಕೈಮುಗಿದ. ಗೆಳೆಯರು ಸೂರ್ಯನಿಗೆ ಮುಗಿದನೆಂದುಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ರೇವಣಯ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಕಲಿಸಿದವರಿಗೆ ಮೊದಲು ನಮಸ್ಕರಿಸಬೇಕು. ನನ್ನ ಪಾಲಿಗೆ ಗಡಿಯಾರದವನೂ ನೀವೇ, ಆ ಹಪ್ಪಳದ ತಾಯಿಯೂ ನೀವೇ," ಎಂದು ಅವರ ಪಾದ ಮುಟ್ಟಲು ಬಗ್ಗಿದ.

ಗುರುಗಳು ಕಾಲನ್ನು ಹಿಂದಕ್ಕೆಳೆದುಕೊಂಡು ಹೇಳಿದರು:

"ನೀನು ಮೊದಲು ನಮಸ್ಕರಿಸಬೇಕಾದವರ ಅಂಗಳದಲ್ಲಿ ನೀನಿನ್ನೂ ಬಿದ್ದಿಲ್ಲ."