ಮ್ಯಾನೇಜರ್ ಸಾಹೇಬರ ಸೊಂಟದಳತೆ

ತಿಪಟೂರಿನ ಟೈಲರ್ ಷಡಕ್ಷರಪ್ಪ ಗಿರಾಕಿಯ ಅಳತೆಯನ್ನು ಆ ಗಿರಾಕಿಯ ಹೆಂಡತಿ ಕೇಳಿದರೂ ಬಾಯಿಬಿಡುವವನಲ್ಲ. ಒಂದು ಮಧ್ಯಾಹ್ನ ಅವನು ಕಾಜಾ ಹೊಲಿಯುತ್ತಿದ್ದಾಗ ಫೋನ್ ಬಂತು.

"ನಾನು ನಿಮ್ಮ ಬ್ಯಾಂಕಿನ ಮ್ಯಾನೇಜರ್! ಐದೇ ನಿಮಿಷದಲ್ಲಿ ನಿಮ್ಮ ಖಾತೆ ಬಂದ್ ಆಗುತ್ತೆ. ಮೊಬೈಲಿಗೆ ಬಂದಿರೋ ಒಟಿಪಿ ಬೇಗ ಹೇಳ್ರೀ!" ದನಿಯಲ್ಲಿ ದರ್ಪವೋ ದರ್ಪ.

ಆ ಖಾತೆಯಲ್ಲಿದ್ದದ್ದು ಹೊಸ ಹೊಲಿಗೆ ಮಿಷನ್ನಿಗೆಂದು ಕೂಡಿಟ್ಟ ದುಡ್ಡು. ಷಡಕ್ಷರಪ್ಪ ಸೂಜಿ ಬಿಟ್ಟು ಎದ್ದು ನಿಂತ. ಆದರೆ ಅವನ ಗಿರಾಕಿಯೇ ಆಗಿದ್ದ ಆ ಬ್ಯಾಂಕಿನ ಮ್ಯಾನೇಜರ್ ಸಾಹೇಬರ ಅರ್ಧ ಹೊಲಿದ ಪ್ಯಾಂಟು ಅವನ ಕಣ್ಣೆದುರೇ ನೇತಾಡುತ್ತಿತ್ತು.

"ಹೇಳ್ತೀನಿ ಸ್ವಾಮಿ. ಅದಕ್ಕೆ ಮುಂಚೆ ನಿಮ್ಮ ಪ್ಯಾಂಟಿಂದು ಒಂದು ಅನುಮಾನ. ಸೊಂಟ ಎಷ್ಟಿಡಲಿ?"

ಆ ಕಡೆಯವನು ತಡವರಿಸಿದ. "ಮೂ... ಮೂವತ್ತೆರಡು."

"ಮೂವತ್ತೆರಡೇ? ಹೋದ ವಾರ ನಾನೇ ಟೇಪು ಹಿಡಿದು ಅಳೆದಿದ್ದೀನಿ. ಒಂದೇ ವಾರಕ್ಕೆ ಇಷ್ಟು ಕರಗಿದ್ದೀರಿ ಅಂದ್ರೆ, ಖಾತೆ ಆಮೇಲೆ ನೋಡೋಣ, ಮೊದಲು ಡಾಕ್ಟರ ಹತ್ತಿರ ಹೋಗಿ!"

ಫೋನ್ ಪಟಕ್ಕನೆ ಕಟ್ಟಾಯಿತು.

ಸಂಜೆ ಪ್ಯಾಂಟಿಗೆಂದು ಬಂದ ಅಸಲಿ ಮ್ಯಾನೇಜರ್ ಈ ಕತೆ ಕೇಳಿ ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಮೆಲ್ಲಗೆ, "ನನ್ನ ಸರಿಯಾದ ಅಳತೆ ಅವನಿಗೆ ಹೇಳಲಿಲ್ಲ ತಾನೇ?" ಎಂದರು.

ಷಡಕ್ಷರಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು ಎದೆ ಸೆಟೆಸಿ ನಿಂತ.

"ನಿಮ್ಮ ಸೊಂಟದ ಅಳತೇನೇ ಹೇಳದೋನು ನನ್ನ ಒಟಿಪಿ ಹೇಳ್ತೀನಾ, ಸ್ವಾಮಿ?"