ಅಳಿಲು ಮೆಚ್ಚಿದ ಪಾಸು

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಬೇವಿನ ಮರದಲ್ಲಿ ಒಂದು ಅಳಿಲಿತ್ತು. ಸಿಕ್ಕಿದ್ದನ್ನು ಯಾರಿಗೂ ಬಿಟ್ಟುಕೊಡದ ಜೀವ ಅದು. ಫೈನಲ್ ದಿನ ಗೊರವಂಕದ ಜೊತೆ ಕೊಂಬೆಯ ಮೇಲೆ ಕುಳಿತು ಆಟ ನೋಡುತ್ತಿತ್ತು. ಆ ಕಾಲೇಜಿನ ಹುಡುಗಿಯರ ತಂಡ ಒಂದೇ ಅಂಕದಿಂದ ಮುಂದಿತ್ತು; ಆಟ ಮುಗಿಯಲು ಕೆಲವೇ ಕ್ಷಣಗಳಿದ್ದವು. ರಿಂಗಿಗೆ ಬಡಿದು ಪುಟಿದ ಚೆಂಡನ್ನು ಆ ತಂಡದ ಸುಮೇಧಾ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಹಿಡಿದಳು. ಮರುಕ್ಷಣವೇ ಮೂವರು ಎದುರಾಳಿಗಳು ಅವಳನ್ನು ಮುತ್ತಿದರು.

"ಎದೆಗೆ ಅವಚಿಕೋ, ಬಿಡಬೇಡ!" ಎಂದು ಅಳಿಲು ಕೂಗಿತು.

"ಸುಮ್ಮನೆ ನೋಡು ಮಾರಾಯ. ಮೂವರು ಇಲ್ಲಿದ್ದರೆ ಅತ್ತ ನಮ್ಮ ಹುಡುಗಿಯರನ್ನು ತಡೆಯುವವರು ಯಾರು?" ಎಂದಿತು ಗೊರವಂಕ.

ಸುಮೇಧಾ ಚೆಂಡನ್ನು ಗೆಳತಿಗೆ ದಾಟಿಸಿದಳು. ಆ ಗೆಳತಿ ಇನ್ನೊಬ್ಬಳಿಗೆ ಕೊಟ್ಟಳು. ಬೆನ್ನಟ್ಟಿದವರ ಕೈಗೆ ಅದು ಸಿಗುವ ಮೊದಲೇ ಕೊನೆಯ ಸೀಟಿ ಕೇಳಿಸಿತು.

"ಎಂಥ ಹುಡುಗಿ! ನಾನಾಗಿದ್ದರೆ ಚೆಂಡು ಬಿಡದೆ ನಮ್ಮವರನ್ನೇ ಸೋಲಿಸಿಬಿಡುತ್ತಿದ್ದೆ" ಎನ್ನುತ್ತ ಅಳಿಲು ಪೊಟರೆಗೆ ಓಡಿ, ಒಂದು ಕಡಲೆಕಾಯಿ ತಂದು ಗೊರವಂಕದ ಮುಂದಿಟ್ಟಿತು.