ನಗಾರಿಯ ಮೇಲೆ ಕೂತ ತಿಪ್ಪವ್ವ

ಒಂದಾನೊಂದು ಊರು ಒಬ್ಬ ಮುದುಕಿಯ ಮೊಣಕಾಲಿನೊಳಗಿತ್ತು. ನಗಬೇಡಿ, ಊರುಗಳು ಎಲ್ಲೆಲ್ಲೋ ಇರುತ್ತವೆ.

ಆ ಊರಿನ ದೊರೆ ಉರಿಕಂಠರಾಯ. ಅವನಿಗೆ ಕಳ್ಳರ ಭಯ. ಅರಮನೆಯಲ್ಲಿ ಒಂದು ನಗಾರಿ ಇಟ್ಟಿದ್ದ. ಅದು ಮೊಳಗಿದರೆ ಪಂಜಿನ ಸೈನಿಕರು ಓಡಿಬಂದು ಕಳ್ಳರನ್ನು ಸುಡಬೇಕು. ನಗಾರಿ ಬಾರಿಸುವವನು ಕೆಂಚಪ್ಪ. ಕಳ್ಳರು ಸತ್ತ ಮೇಲೆ ನಗಾರಿಯ ಮೇಲೆ ಕೂತು ಸದ್ದಡಗಿಸುವವಳು ತಿಪ್ಪವ್ವ. ಓದಿದವರು ನಗಾರಿಗೆ ಜೀನು ಅನ್ನುತ್ತಾರೆ, ಇವರಿಬ್ಬರಿಗೂ ಪ್ರೋಟೀನು ಅನ್ನುತ್ತಾರೆ. ಊರವರು ಗಂಡ ಹೆಂಡತಿ ಅನ್ನುತ್ತಿದ್ದರು.

ಒಂದು ದಿನ ದೊರೆ ತಿಪ್ಪವ್ವನನ್ನು ನೋಡಿದ. "ಇವಳು ಬರೀ ಕೂತಿರುತ್ತಾಳೆ. ಕೂತು ತಿನ್ನುವವರು ನನಗೆ ಬೇಡ" ಎಂದು ಊರಾಚೆಗೆ ಅಟ್ಟಿದ.

ಆಮೇಲೆ ಮುದುಕಿಯ ಮೊಣಕಾಲಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳಿನ ಜೊತೆ ಕಳ್ಳರು ನುಗ್ಗಿದರು. ಕೆಂಚಪ್ಪ ಬಾರಿಸಿದ. ಸೈನಿಕರು ಕಳ್ಳರನ್ನೆಲ್ಲ ಸುಟ್ಟರು. ನಗಾರಿ ಮಾತ್ರ ನಿಲ್ಲಲಿಲ್ಲ.

"ನಗಾರಿ ಮೊಳಗುತ್ತಿದೆ, ಅಂದರೆ ಕಳ್ಳರಿದ್ದಾರೆ" ಎಂದರು ಸೈನಿಕರು. "ಓಡುವವನೇ ಕಳ್ಳ." ಬೆಂಕಿ ಕಂಡು ಎಲ್ಲರೂ ಓಡಿದರು. ಎಲ್ಲರನ್ನೂ ಅಟ್ಟಿದರು. ಕೆಲವರು ನಿಂತರು. "ನಿಂತವನು ಏನೋ ಬಚ್ಚಿಡುತ್ತಿದ್ದಾನೆ!" ಅವರ ಮನೆಗಳನ್ನೂ ಸುಟ್ಟರು. ಬಾವಿಯ ಹಗ್ಗ ಸುಟ್ಟರು. ಕೊನೆಗೆ ತಮ್ಮ ತಮ್ಮ ಮನೆಗೇ ಪಂಜು ಹಿಡಿದರು. ಊರು ಕೆಂಪಾಗಿ ಊದಿಕೊಂಡಿತು. ಮೇಲೆಲ್ಲೋ ಮುದುಕಿ "ಅಯ್ಯೋ" ಎಂದಳು.

ದೊರೆ ಓಡಿಬಂದ. "ಸುಮ್ಮನಿರು, ನಗಾರಿ!"

"ನಾನೆಲ್ಲಿ ಮಾತಾಡುತ್ತಿದ್ದೇನೆ ದೊರೆ? ಹೊಡೆತ ಮಾತಾಡುತ್ತಿದೆ" ಎಂದಿತು ನಗಾರಿ.

"ಕೆಂಚಪ್ಪ, ನಿಲ್ಲಿಸು!"

"ಏನಂದಿರಿ? ನಗಾರಿ ಸದ್ದಿಗೆ ಕೇಳಿಸುತ್ತಿಲ್ಲ" ಎಂದ ಕೆಂಚಪ್ಪ. ಅವನ ಅಂಗೈಯಿಂದ ರಕ್ತ ಸುರಿಯುತ್ತಿತ್ತು.

ದೊರೆ ಬರಿಗಾಲಲ್ಲಿ ಊರಾಚೆಗೆ ಹೋದ. "ತಿಪ್ಪವ್ವ, ಬಾರಮ್ಮ."

"ಕೂತು ತಿನ್ನುವವಳಿಂದ ಏನಾಗಬೇಕು, ದೊರೆ?"

"ಕೂರಬೇಕು."

"ನನ್ನ ಗಂಡ?"

"ಇನ್ನೂ ಬಾರಿಸುತ್ತಿದ್ದಾನೆ."

ತಿಪ್ಪವ್ವ ಎದ್ದಳು. ಹೊಗೆಯೊಳಗೆ ನಡೆದಳು. ನಗಾರಿಯ ಚರ್ಮ ಕಾದ ಹೆಂಚಿನಂತಿತ್ತು. ಹತ್ತಿ ಕೂತಳು. ಕೆಂಚಪ್ಪನ ಮುಂದಿನ ಪೆಟ್ಟು ಅವಳ ತೊಡೆಯ ಮೇಲೆ ಬಿತ್ತು. ಸದ್ದು ಬರಲಿಲ್ಲ.

ಸೈನಿಕರು ನಿಂತರು. ಕೈಯಲ್ಲಿನ ಪಂಜು ನೋಡಿದರು, ತಮ್ಮ ಮನೆ ನೋಡಿದರು. ಒಬ್ಬ ಕೂತು ಅತ್ತ.

ತಿಪ್ಪವ್ವ ಗಂಡನ ಕೈಯಿಂದ ಕೋಲು ಬಿಡಿಸಿದಳು. "ನಾನು ಬಂದದ್ದು ಕೇಳಿಸಿತೇ?"

"ಇಲ್ಲ. ನಿನ್ನ ಭಾರ ಗೊತ್ತಾಯಿತು" ಎಂದ ಕೆಂಚಪ್ಪ.

ಇದರ ನೀತಿ ಏನೆಂದರೆ, ಕೂತವರನ್ನು ಎಬ್ಬಿಸುವ ಮೊದಲು ಅವರು ಯಾವುದರ ಮೇಲೆ ಕೂತಿದ್ದಾರೆ ಅಂತ ಬಗ್ಗಿ ನೋಡಿ. ಹೇಳಿದವಳಿಗೆ ಒಂದು ಲೋಟ ನೀರು, ಕೇಳಿದವರಿಗೆ ಒಂದು ಒಳ್ಳೆಯ ನಿದ್ದೆ.